ಚೈನ್ ಸಾ ಬಲಕ್ಕೆ ಎಳೆದು ಕೊಯ್ಯುತ್ತಿದೆ, ರೇಸ್ ಕೊಟ್ಟರೆ ಬಂದ್ ಆಗುತ್ತಿದೆ: ಮೊದಲು ಎಲ್ಲಿ ನೋಡಬೇಕು?

ಶರಾವತಿ_ತೋಟ

ಮಿಷನ್ 58 ಸಿಸಿ, ಚೈನಾದ್ದು, 20 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ). ಬಾರ್ ಮೇಲೆ .325, .058, 76 ಎಂದು ಕೊರೆದಿದೆ. ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಸೌದೆ ಕೊಯ್ಯುವುದಕ್ಕೆ ಮಾತ್ರ ಬಳಕೆ. ಮರ ಹೆಚ್ಚಿನದು ಅಕೇಶಿಯಾ, ಕಡಿದು ಒಂದು ವರ್ಷ ನೆಲದಲ್ಲೇ ಬಿದ್ದಿದ್ದ ದಿಮ್ಮಿಗಳು. ಸ್ವಲ್ಪ ಸಿಲ್ವರ್ ಓಕ್ ಕೊಂಬೆ ಇದೆ.

ತೊಂದರೆ ಎರಡು. ಒಂದು, ಕೊಯ್ತ ನೆಟ್ಟಗೆ ಇಳಿಯುವುದಿಲ್ಲ. ಎಂಟು ಇಂಚು ದಪ್ಪದ ದಿಮ್ಮಿಯಲ್ಲಿ ಅರ್ಧ ಇಳಿಯುವಷ್ಟರಲ್ಲಿ ಬಾರ್ ಬಲಕ್ಕೆ ವಾಲಿ, ಕೊನೆಗೆ ಸಿಕ್ಕಿಬೀಳುತ್ತದೆ. ಹೊರಗೆ ಬರುವುದು ಗೋಧಿ ಹಿಟ್ಟಿನಂಥ ಪುಡಿ, ಬಾರ್‌ನಿಂದ ಹೊಗೆ. ಈ ಸಲ ಚೈನಿಗೆ ಪೇಟೆಯ ಒಂದು ಅಂಗಡಿಯಲ್ಲಿ ಗ್ರೈಂಡರ್ ಹಿಡಿಸಿದ ಮೇಲೆ ಇದು ಶುರುವಾಗಿದ್ದು. ಎರಡನೆಯದು, ಸ್ಟಾರ್ಟ್ ಆಗುತ್ತದೆ, ಸ್ಲೋದಲ್ಲಿ ಓಡುತ್ತದೆ, ರೇಸ್ ಕೊಟ್ಟ ಕೂಡಲೇ ಉಸಿರು ಕಟ್ಟಿದ ಹಾಗಾಗಿ ಬಂದ್. ಹತ್ತು ಸಲಕ್ಕೆ ಮೂರು ಸಲ ಮಾತ್ರ ಪೂರ್ತಿ ರೇಸ್ ಏರುತ್ತದೆ.

ಪೆಟ್ರೋಲ್ ಲೀಟರಿಗೆ 40 ಎಂಎಲ್ 2ಟಿ ಆಯಿಲ್. ಚೈನಿಗೆ ಹಾಕುವುದು ಟ್ರ್ಯಾಕ್ಟರಿನಿಂದ ಇಳಿಸಿದ ಹಳೆಯ ಆಯಿಲ್, ಬಟ್ಟೆಯಲ್ಲಿ ಸೋಸಿ. ಮಿಷನ್ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದ ಹಾಗೆಯೇ ಕೊಟ್ಟಿಗೆಯಲ್ಲಿತ್ತು. ರಿಪೇರಿಯವರು ಕಾರ್ಬೊರೇಟರ್ ಪೂರ್ತಿ ಹೊಸದು ಹಾಕಿ ಅನ್ನುತ್ತಾರೆ. ಅದೇ ಸರಿಯಾ, ಅಥವಾ ಮೊದಲು ಬೇರೆ ಏನಾದರೂ ನೋಡಬೇಕಾ?

ಅರ_ಹಿಡಿದವ

ಕಾರ್ಬೊರೇಟರಿಗೆ ಕೈ ಹಾಕುವ ಮೊದಲು ಚೈನ್ ನೋಡಿ. ಎರಡನ್ನೂ ಒಟ್ಟಿಗೆ ಹಿಡಿದರೆ ಯಾವುದರಿಂದ ಏನಾಯಿತು ಎನ್ನುವುದು ತಿಳಿಯುವುದಿಲ್ಲ. ಮೊಂಡ ಚೈನಿನಲ್ಲಿ ಮಿಷನ್ ಒತ್ತಿ ಒತ್ತಿ ಕೊಯ್ಯಬೇಕಾಗುತ್ತದೆ, ಒತ್ತಿದರೆ ಇಂಜಿನ್ ಇಳಿಯುತ್ತದೆ, ಇಂಜಿನ್ನೇ ಕೆಟ್ಟಿದೆ ಅನ್ನಿಸುತ್ತದೆ. ನಿಮ್ಮದರಲ್ಲಿ ಮರಕ್ಕೆ ತಾಗುವ ಮೊದಲೇ ಬಂದ್ ಆಗುವುದರಿಂದ ಇಂಧನದ ತೊಂದರೆಯೂ ಇದೆ, ಒಪ್ಪಿದೆ. ಆದರೂ ಗೋಧಿ ಹಿಟ್ಟು ಬರುತ್ತಿದೆ ಎಂದರೆ ಹಲ್ಲು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಸರಿಯಾದ ಚೈನ್ ಅಡ್ಡ ಕೊಯ್ತದಲ್ಲಿ ಅವಲಕ್ಕಿಯಂಥ ಚಕ್ಕೆ ಬೀಳಿಸುತ್ತದೆ. ಒಣ ಅಕೇಶಿಯಾದಲ್ಲಿ ಚಕ್ಕೆ ಸ್ವಲ್ಪ ಸಣ್ಣದಾದೀತು, ಹಿಟ್ಟಾಗಬಾರದು.

ವಾಲುವುದು ಬಾರ್‌ನಿಂದಲೋ ಚೈನಿನಿಂದಲೋ ಎನ್ನುವುದಕ್ಕೆ ಹತ್ತು ನಿಮಿಷದ ಪರೀಕ್ಷೆ ಇದೆ. ಬಾರ್ ಬಿಚ್ಚಿ ತಲೆಕೆಳಗು ಮಾಡಿ ಹಾಕಿ, ಅದೇ ಚೈನಿನಲ್ಲಿ ಒಂದು ಕೊಯ್ತ ಹಾಕಿ. ಮತ್ತೆ ಬಲಕ್ಕೇ ವಾಲಿದರೆ ತಪ್ಪು ಚೈನಿನದು. ವಾಲುವ ದಿಕ್ಕು ಬದಲಾದರೆ ಅಥವಾ ನೆಟ್ಟಗಾದರೆ ಬಾರ್ ಸವೆದಿದೆ. ಬಾರ್ ಸವೆತ ಕಣ್ಣಿಗೂ ಕಾಣುತ್ತದೆ: ಮರಗೆಲಸದ ಮೂಲೆಮಟ್ಟವನ್ನು ಬಾರ್ ಮೈಗೆ ಒರಗಿಸಿ ಅಂಚಿಗೆ ತನ್ನಿ. ಬಾರ್ ಅಂಚಿನ ಎರಡೂ ಗೋಡೆ, ಅಂದರೆ ಚೈನ್ ಓಡುವ ಸೀಳಿನ ಎರಡು ಬದಿ, ಒಂದೇ ಎತ್ತರದಲ್ಲಿ ಮಟ್ಟಕ್ಕೆ ತಾಗಬೇಕು. ಒಂದು ತಗ್ಗಿದ್ದರೆ ಚೈನ್ ಆ ಕಡೆ ಮಲಗುತ್ತದೆ. ಚಪ್ಪಟೆ ಅರದಿಂದ ಎತ್ತರದ ಗೋಡೆಯನ್ನು ಇನ್ನೊಂದರ ಸಮಕ್ಕೆ ಇಳಿಸಿ, ಹೊರ ಅಂಚಿಗೆ ಬಂದ ಮುಳ್ಳನ್ನೂ ತೆಗೆಯಿರಿ. ಚೈನಿನ ಕೆಳಹಲ್ಲು, ಅಂದರೆ ಸೀಳಿನೊಳಗೆ ಓಡುವ ಹಲ್ಲು, ಸೀಳಿನ ತಳಕ್ಕೆ ಬಡಿಯುವಷ್ಟು ಸವೆದಿದ್ದರೆ ಆ ಬಾರ್ ಮುಗಿಯಿತು.

ಚೈನಿನ ಅಳತೆಯನ್ನೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಸಾಲಾಗಿ ಮೂರು ರಿವಿಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿದರೆ ಪಿಚ್. .325ಕ್ಕೆ ಮೂರು ರಿವಿಟ್‌ನ ಅಂತರ 16.5 ಎಂಎಂ. ಕೆಳಹಲ್ಲಿನ ದಪ್ಪ 1.5 ಎಂಎಂ ಇರಬೇಕು, ಅದೇ ಬಾರ್ ಮೇಲಿನ .058. ಅಂಗಡಿಯವರು ತಪ್ಪಿ .050, ಅಂದರೆ 1.3 ಎಂಎಂನ ಚೈನ್ ಕೊಟ್ಟಿದ್ದರೆ ಅದು ಅಗಲ ಸೀಳಿನಲ್ಲಿ ಓಡುತ್ತಲೇ ಒರಗುತ್ತದೆ. ಎಷ್ಟು ಅರ ಹಾಕಿದರೂ ಕೊಯ್ತ ನೆಟ್ಟಗಾಗುವುದಿಲ್ಲ.

ಬಾರ್ ಸರಿಯಿದ್ದರೆ ಹಲ್ಲಿಗೆ ಬನ್ನಿ. 76 ಕೆಳಹಲ್ಲಿನ ಚೈನಿನಲ್ಲಿ ಕೊಯ್ಯುವ ಹಲ್ಲು 38, ಎಡಕ್ಕೆ 19, ಬಲಕ್ಕೆ 19. ಮಿಷನ್ ಯಾವಾಗಲೂ ಹರಿತ ಹೆಚ್ಚಿರುವ, ಉದ್ದ ಇರುವ ಹಲ್ಲಿನ ಕಡೆಗೆ ಎಳೆಯುತ್ತದೆ. ನಿಮ್ಮದು ಬಲಕ್ಕೆ ಎಳೆಯುತ್ತಿರುವುದರಿಂದ ಎಡಹಲ್ಲು ಮೊಂಡ ಅಥವಾ ಗಿಡ್ಡ ಆಗಿರಬೇಕು. ವರ್ನಿಯರ್ ಹಿಡಿದು ಎರಡೂ ಕಡೆಯ ನಾಲ್ಕೈದು ಹಲ್ಲಿನ ಮೇಲ್ತಟ್ಟೆಯ ಉದ್ದ ಅಳೆಯಿರಿ. ಅರ್ಧ ಎಂಎಂ ಒಳಗೆ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ.

ಗ್ರೈಂಡರ್ ಹಿಡಿಸಿದ್ದರಿಂದ ಇನ್ನೊಂದು ನೋಡಬೇಕು. ಹಲ್ಲಿನ ತುದಿ ನೀಲಿ ಆಗಿದೆಯೇ? ಕಲ್ಲನ್ನು ಒಂದೇ ಸಲ ಒತ್ತಿ ಹಿಡಿದರೆ ಉಕ್ಕು ಬಿಸಿಯಾಗಿ ಹದ ಕೆಡುತ್ತದೆ. ಕೆಲವು ಕಡೆ ಗಾಜಿನಷ್ಟು ಗಟ್ಟಿಯಾಗಿ ಅರ ಜಾರುತ್ತದೆ, ಕೆಲವು ಕಡೆ ಮೆತ್ತಗಾಗಿ ಎರಡು ದಿಮ್ಮಿಗೆ ಮೊಂಡಾಗುತ್ತದೆ. ನೀಲಿ ಪೂರ್ತಿ ಹೋಗುವವರೆಗೆ ಹಿಂದಕ್ಕೆ ತೇಯಬೇಕು, ಬೇರೆ ದಾರಿ ಇಲ್ಲ.

ಅರ ಹಾಕುವ ಕ್ರಮ: .325ಕ್ಕೆ 4.8 ಎಂಎಂ ಉರುಟು ಅರ. ಮಿಷನ್ ಬಂದ್ ಇರಲಿ, ಪ್ಲಗ್ ಕ್ಯಾಪ್ ತೆಗೆದಿಡಿ, ಬಾರ್‌ನ್ನು ವೈಸ್‌ಗೆ ಅಥವಾ ಮರದ ಕುಂಟೆಯಲ್ಲಿ ಕೊಯ್ದ ಸೀಳಿಗೆ ಕೂರಿಸಿ ಅಲುಗಾಡದಂತೆ ಮಾಡಿ, ಚೈನನ್ನು ಸ್ವಲ್ಪ ಬಿಗಿ ಮಾಡಿ. ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ ಮಾರ್ಕರ್ ಗುರುತು ಹಾಕಿ. ಆ ಹಲ್ಲನ್ನು ಮೊದಲು ಹರಿತ ಮಾಡಿ, ಅದರ ಉದ್ದಕ್ಕೆ ಉಳಿದ 37ನ್ನೂ ಇಳಿಸಬೇಕು. ಬೇಸರದ ಕೆಲಸ ಹೌದು, ಆದರೆ ವಾಲುವುದು ನಿಲ್ಲುವುದು ಇಲ್ಲಿಯೇ. ಅರ ಬಾರ್‌ಗೆ 30 ಡಿಗ್ರಿ ಓರೆ, ನೆಲಕ್ಕೆ ಸಮಮಟ್ಟ. ಅರದ ದಪ್ಪದ ಐದರಲ್ಲಿ ಒಂದು ಪಾಲು ಹಲ್ಲಿನ ಮೇಲ್ತಟ್ಟೆಗಿಂತ ಮೇಲಿರಬೇಕು, 4.8ರ ಅರದಲ್ಲಿ ಅದು ಸುಮಾರು 1 ಎಂಎಂ. ಅರ ಕೆಳಗೆ ಕೂತರೆ ಹಲ್ಲು ಕೊಕ್ಕೆಯ ಹಾಗೆ ಚೂಪಾಗಿ ಬೇಗ ಮುರಿಯುತ್ತದೆ. ಮೇಲೆ ಕೂತರೆ ತುದಿ ಹಿಂದಕ್ಕೆ ಮಲಗಿ ಮರಕ್ಕೆ ಹತ್ತುವುದೇ ಇಲ್ಲ. ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ನೂಕಿ, ಹಿಂದೆ ತರುವಾಗ ಎತ್ತಿ ತನ್ನಿ. ಎಳೆದರೆ ಅರದ ಹಲ್ಲೇ ಸಾಯುತ್ತದೆ. ಒಂದು ಬದಿಯ 19 ಮುಗಿಸಿ ಇನ್ನೊಂದು ಬದಿಗೆ ಹೋಗಿ. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ಕಷ್ಟ. ಆ ಕಷ್ಟದ ಬದಿಯೇ ನಿಧಾನವಾಗಿ ಮೊಂಡಾಗುತ್ತಾ ಹೋಗುವುದು. ಅಲ್ಲಿ ಕೈ ಬದಲಿಸುವುದಕ್ಕಿಂತ ಮಿಷನ್ನೇ ತಿರುಗಿಸಿ ನಿಲ್ಲುವುದು ಒಳ್ಳೆಯದು.

ಹಲ್ಲು ಹರಿತ ಆಗಿದೆಯೇ ಎಂದು ಬೆರಳಿನಲ್ಲಿ ನೋಡಬೇಡಿ, ಬಿಸಿಲಿಗೆ ಹಿಡಿದು ನೋಡಿ. ಮೊಂಡಾದ ತುದಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಹೊಳೆಯುತ್ತದೆ. ಗೆರೆ ಕಾಣದಾಗುವವರೆಗೆ ನೂಕಬೇಕು.

ಕೊನೆಯದಾಗಿ ರೇಕರ್, ಹಲ್ಲಿನ ಮುಂದೆ ನಿಂತಿರುವ ಗಿಡ್ಡ ಗುಬುಟು. ಹಲ್ಲು ಎಷ್ಟು ಆಳ ಕಚ್ಚಬೇಕು ಎಂದು ನಿರ್ಧರಿಸುವುದು ಅದು. ಹಲ್ಲಿನ ತುದಿಗಿಂತ 0.65 ಎಂಎಂ ತಗ್ಗಿರಬೇಕು. ಹಲ್ಲನ್ನು ಹಿಂದಕ್ಕೆ ತೇಯುತ್ತಾ ಹೋದ ಹಾಗೆ ಅದರ ತುದಿ ಕೆಳಗಿಳಿಯುತ್ತದೆ, ರೇಕರ್ ಮಾತ್ರ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಹರಿತ ಇದ್ದೂ ಪುಡಿ ಬರುವ ಚೈನ್‌ಗಳಲ್ಲಿ ಬಹುಪಾಲು ತಪ್ಪು ರೇಕರ್‌ನದು. ರೇಕರ್ ಅಳೆಯುವ ಗೇಜ್ ತಟ್ಟೆ ಇಟ್ಟು, ಮೇಲೆ ಕಾಣುವಷ್ಟನ್ನು ಚಪ್ಪಟೆ ಅರದಿಂದ ತೆಗೆದು, ಮುಂದಿನ ಮೂಲೆ ಸ್ವಲ್ಪ ದುಂಡಗೆ ಮಾಡಿ. ಅಂದಾಜಿನಲ್ಲಿ ಇಳಿಸಬೇಡಿ. ಹೆಚ್ಚು ಇಳಿಸಿದರೆ ಚೈನ್ ಮರಕ್ಕೆ ಕಚ್ಚಿಕೊಂಡು ಎಗರುತ್ತದೆ, ಬಾರ್ ತುದಿ ತಾಗಿದರೆ ಮುಖಕ್ಕೇ ಹಾರುವ ಸಾಧ್ಯತೆಯೂ ಹೆಚ್ಚು.

ಕಾರ್ಬ್_ಬಿಚ್ಚುವವ

ಮೇಲಿನವರು ಚೈನ್ ಬಗ್ಗೆ ಹೇಳಿದ್ದು ಸರಿ. ನಾನು ಇಂಜಿನ್ ಕಡೆ ಬರೆಯುತ್ತೇನೆ.

ಕಾರ್ಬೊರೇಟರ್ ಪೂರ್ತಿ ಬದಲಿಸುವುದು ಕೊನೆಯ ಮಾತು ಮಾರಾಯ್ರೇ. ಮೊದಲು ಎರಡು ಪರೀಕ್ಷೆ, ಸ್ಪ್ಯಾನರ್ ಮುಟ್ಟದೆ. ರೇಸ್ ಕೊಟ್ಟು ಉಸಿರು ಕಟ್ಟುವ ಹೊತ್ತಿಗೆ ಚೋಕ್ ಅರ್ಧ ಎಳೆಯಿರಿ. ಇಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಇನ್ನೂ ಬೇಗ ಬಂದ್ ಆದರೆ ಗಾಳಿ ಸಾಲುತ್ತಿಲ್ಲ, ಏರ್ ಫಿಲ್ಟರ್ ಅಥವಾ ಸೈಲೆನ್ಸರ್ ಜಾಲರಿ ಕಟ್ಟಿದೆ. ಎರಡನೇ ಪರೀಕ್ಷೆ, ಮಿಷನ್ ಆಯಾಸಪಡುತ್ತಿರುವಾಗ ಅದನ್ನು ಬಂದ್ ಮಾಡಿ ಪೆಟ್ರೋಲ್ ಮುಚ್ಚಳ ಸಡಿಲಿಸಿ. ಉಸ್ಸೆಂದು ಗಾಳಿ ಒಳಕ್ಕೆ ಎಳೆದುಕೊಂಡರೆ, ಮತ್ತೆ ಬಿಗಿದು ಸ್ಟಾರ್ಟ್ ಮಾಡಿದಾಗ ಎರಡು ನಿಮಿಷ ಚೆನ್ನಾಗಿ ಓಡಿ ಪುನಃ ಸೊರಗಿದರೆ, ಟ್ಯಾಂಕಿನ ಗಾಳಿ ಕಿಂಡಿ ಕಟ್ಟಿದೆ. ಪೆಟ್ರೋಲ್ ಹೋದ ಜಾಗಕ್ಕೆ ಗಾಳಿ ಬರದೆ ಟ್ಯಾಂಕಿನೊಳಗೆ ಎಳೆತ ಹುಟ್ಟುತ್ತದೆ, ಕಾರ್ಬ್‌ನ ಪುಟಾಣಿ ಪಂಪ್‌ಗೆ ಅದನ್ನು ಮೀರಿ ಎಳೆಯುವ ಶಕ್ತಿ ಇಲ್ಲ. ಆ ಕಿಂಡಿ ಸ್ವಚ್ಛ ಮಾಡಿದರೆ ಅಲ್ಲಿಗೆ ಮುಗಿಯಿತು, ಖರ್ಚು ಸೊನ್ನೆ.

ಆದರೆ ಆರು ತಿಂಗಳು ಪೆಟ್ರೋಲ್ ಒಳಗೇ ಇತ್ತು ಎಂದಿರಿ. ನನ್ನ ಅನುಮಾನ ಅಲ್ಲಿಗೇ ಹೋಗುತ್ತದೆ. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ 100ರಲ್ಲಿ 20 ಪಾಲು ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಅದೂ ಕೊಟ್ಟಿಗೆಯಲ್ಲಿ, ಆರು ತಿಂಗಳೆಂದರೆ ಸಾಕಷ್ಟು ನೀರು. ಒಂದು ಹಂತ ದಾಟಿದರೆ ನೀರೂ ಎಥನಾಲೂ ಬೆರೆತು ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಮಿಷನ್ನಿನ ಪೆಟ್ರೋಲ್ ಹೀರುವ ಪೈಪ್ ಇರುವುದೂ ತಳದಲ್ಲೇ. ಮೇಲಾಗಿ ಹಳೆ ರಬ್ಬರ್ ಪೈಪ್, ಕಾರ್ಬ್ ಒಳಗಿನ ತೆಳು ಪೊರೆಯಾದ ಡಯಾಫ್ರಾಮ್ ಎಥನಾಲ್‌ನಲ್ಲಿ ಊದಿ ಮತ್ತೆ ಒಣಗಿದಾಗ ಗಟ್ಟಿಯಾಗುತ್ತವೆ.

ನಿಮ್ಮ ಊರಿನ ಬಂಕ್‌ನದ್ದರಲ್ಲಿ ಎಷ್ಟು ಎಥನಾಲ್ ಇದೆ ಎಂದು ಮನೆಯಲ್ಲೇ ನೋಡಬಹುದು. 100 ಎಂಎಲ್ ಗೆರೆ ಇರುವ ಗಾಜಿನ ಕೊಳವೆಗೆ 10 ಎಂಎಲ್ ನೀರು, ಅದರ ಮೇಲೆ 2ಟಿ ಬೆರೆಸದ 90 ಎಂಎಲ್ ಪೆಟ್ರೋಲ್. ಮುಚ್ಚಿ ಕುಲುಕಿ ಹತ್ತು ನಿಮಿಷ ಬಿಡಿ. ಎಥನಾಲ್ ಇಲ್ಲದಿದ್ದರೆ ತಳದ ಪದರ 10ರಲ್ಲೇ ನಿಲ್ಲುತ್ತದೆ. ಇ20 ಆದರೆ 28ರ ಹತ್ತಿರ ಏರುತ್ತದೆ. ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಿ. ಹೀಗೆ ನೀರು ಹಾಕಿ ಎಥನಾಲ್ ತೆಗೆದು ಉಳಿದ ಪೆಟ್ರೋಲನ್ನೇ ಮಿಷನ್ನಿಗೆ ಹಾಕುವವರಿದ್ದಾರೆ. ಅದು ಬೇಡ, ಎಥನಾಲ್ ಹೋದ ಮೇಲೆ ಆಕ್ಟೇನ್ ಇಳಿದಿರುತ್ತದೆ, ಸ್ವಲ್ಪ ನೀರೂ ಉಳಿದಿರುತ್ತದೆ.

ಈಗ ಕೆಲಸ. ಹಳೆಯ ಪೆಟ್ರೋಲ್ ಪೂರ್ತಿ ಚೆಲ್ಲಿ, ಹೊಸ ಮಿಶ್ರಣದಲ್ಲಿ ಟ್ಯಾಂಕ್ ತೊಳೆಯಿರಿ. ತಂತಿಯ ಕೊಕ್ಕೆಯಿಂದ ಫಿಲ್ಟರ್ ಮೇಲಕ್ಕೆ ಎಳೆಯಿರಿ. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ತೊಳೆಯಬೇಡಿ, ಬದಲಿಸಿ. ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಪೆಟ್ರೋಲ್ ಜೊತೆ ಗಾಳಿ ಎಳೆಯುತ್ತದೆ. ಕಾರ್ಬ್‌ಗೂ ಸಿಲಿಂಡರಿಗೂ ನಡುವಿನ ರಬ್ಬರ್ ಕೊಳವೆಯನ್ನೂ ಹಾಗೇ ನೋಡಿ. ಇಲ್ಲಿಯವರೆಗೆ ಸರಿ ಹೋಗದಿದ್ದರೆ ಕಾರ್ಬ್ ಬಿಚ್ಚಿ ಡಯಾಫ್ರಾಮ್ ಕಿಟ್ ಹಾಕಿ. ಹೊಸ ಡಯಾಫ್ರಾಮ್ ತೆಳು ಬಟ್ಟೆಯಂತೆ ಬೆರಳಿಗೆ ಬಗ್ಗುತ್ತದೆ, ಸತ್ತದ್ದು ಒಣ ಹಪ್ಪಳದ ಹಾಗೆ ಕಟಕಟ ಅನ್ನುತ್ತದೆ.

ಜೋಡಿಸುವಾಗ ತಪ್ಪುವುದು ಒಂದೇ ಜಾಗದಲ್ಲಿ. ವಾಲ್ಬ್ರೋ ಕಂಪನಿಯ ಮಾದರಿಯ ಕಾರ್ಬ್‌ನಲ್ಲಿ ಸೂಜಿ, ಲಿವರ್ ಇರುವ ಬದಿಗೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಾಮ್, ಮೇಲೆ ಮುಚ್ಚಳ. ಪಂಪ್ ಬದಿಗೆ ಇದರ ಉಲ್ಟಾ: ಮೈಗೆ ತಾಗಿ ಡಯಾಫ್ರಾಮ್, ಅದರ ಮೇಲೆ ಗ್ಯಾಸ್ಕೆಟ್. ಅದಲು ಬದಲಾದರೆ ಮಿಷನ್ ಒಂದೋ ತುಂಬಿ ಹರಿಯುತ್ತದೆ, ಇಲ್ಲವೋ ಒಣಗುತ್ತದೆ. ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೋ ಹೊಡೆದಿಡಿ. ಪಂಪ್ ಬದಿಯ ಒಳಗೆ ಕಿರುಬೆರಳ ಉಗುರಿಗಿಂತ ಚಿಕ್ಕದಾದ ದುಂಡು ಜಾಲರಿ ಒಂದಿದೆ. ಅರ್ಧ ಮಿಷನ್‌ಗಳ ರೋಗ ಅಲ್ಲಿರುತ್ತದೆ, ಯಾರೂ ನೋಡುವುದಿಲ್ಲ. ಲಿವರ್ ಬಗ್ಗಿಸಬೇಡಿ, ರಂಧ್ರಗಳಿಗೆ ಸೂಜಿ ತೂರಿಸಬೇಡಿ, ಕಾರ್ಬ್ ಕ್ಲೀನರ್ ಸ್ಪ್ರೇ ಸಾಕು. ಸ್ಪ್ರೇ ಹೊಡೆಯುವ ಮೊದಲು ಡಯಾಫ್ರಾಮ್ ಹೊರಗೆ ತೆಗೆದಿರಲಿ.

ಕಾರ್ಬ್ ಮೇಲೆ ಪೆಟ್ರೋಲ್ ಹೊಂದಿಸುವ ಎಲ್ (ಸ್ಲೋಗೆ), ಎಚ್ (ಪೂರ್ತಿ ರೇಸಿಗೆ) ಸ್ಕ್ರೂಗಳನ್ನು ಹಗುರವಾಗಿ ಕೂರಿಸಿ, ಒಂದೂಕಾಲು ಸುತ್ತು ಬಿಚ್ಚಿ ಶುರು ಮಾಡಿ. ಮೊದಲು ಎಲ್: ಸ್ಲೋದಿಂದ ರೇಸಿಗೆ ತಡವರಿಸದೆ ಏರುವವರೆಗೆ ಕಾಲು ಸುತ್ತಿನ ಅರ್ಧದಷ್ಟು ಬಿಚ್ಚುತ್ತಾ ಬನ್ನಿ. ಎಚ್‌ನಲ್ಲಿ ಪೂರ್ತಿ ರೇಸಿಗೆ ಬಿಟ್ಟಾಗ ಕಿರಿಚುವ ನಯ ಸದ್ದು ಬಂದರೆ ಅದು ಪೆಟ್ರೋಲ್ ಕಡಿಮೆ ಇರುವ ಸದ್ದು. ಕೇಳಲು ಚಂದ, ಪಿಸ್ಟನ್ ಅಂಟಿಸುವುದು ಅದೇ. ಖಾಲಿ ಓಡುವಾಗ ಸದ್ದು ಸ್ವಲ್ಪ ಒಡೆದ ಹಾಗೆ, ಗುರ್‌ಗುಟ್ಟುವ ಹಾಗೆ ಇರಬೇಕು, ಮರಕ್ಕೆ ಇಟ್ಟಾಗ ನಯ ಆಗಬೇಕು. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಖಾಲಿ ರೇಸ್ ಹಿಡಿಯಬೇಡಿ. ಇ20ಯಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಹಳೆಯ ಸೆಟ್ಟಿಂಗ್ ತಾನಾಗಿಯೇ ಪೆಟ್ರೋಲ್ ಕಡಿಮೆಯ ಕಡೆಗೆ ಹೋಗಿರುತ್ತದೆ. ನಿಮ್ಮ ಮಿಷನ್ ಈ ವರ್ಷ ತಡವರಿಸಲು ಅದೂ ಒಂದು ಪಾಲು ಇರಬಹುದು. ಕೊನೆಗೆ ಸ್ಲೋ ಸ್ಕ್ರೂ, ಸ್ಲೋದಲ್ಲಿ ಚೈನ್ ಅಲುಗಾಡದೆ ನಿಲ್ಲಬೇಕು.

ಇಷ್ಟೂ ಮಾಡುವ ಮೊದಲು ಸೈಲೆನ್ಸರಿನ ಬೋಲ್ಟ್ ಬಿಚ್ಚಿ ಆ ಕಿಂಡಿಯಿಂದ ಪಿಸ್ಟನ್ ನೋಡಿ. ಮೇಲಿನಿಂದ ಕೆಳಕ್ಕೆ ಗೀರು ಇದ್ದರೆ ಕಾರ್ಬ್‌ಗೆ ದುಡ್ಡು ಹಾಕಿ ಪ್ರಯೋಜನ ಇಲ್ಲ. ಮೈ ನುಣ್ಣಗಿದ್ದರೆ ಮುಂದುವರಿಯಿರಿ.

ಮೂಡಿಗೆರೆ_ಕಾಫಿ

2ಟಿ ಅಳತೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ ಸರ್. ಲೀಟರಿಗೆ 40 ಎಂಎಲ್ ಅಂದರೆ 25ಕ್ಕೆ 1. ಇಂಥ 58 ಸಿಸಿ ಮಿಷನ್‌ಗಳ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದು ಅದೇ, ಮಾಮೂಲಿ 2ಟಿ ಆಯಿಲ್‌ಗೆ ಸರಿ. ಡಬ್ಬದ ಮೇಲೆ ಜಾಸೋ ಎಫ್‌ಡಿ (2ಟಿ ಆಯಿಲ್‌ನ ಗುಣಮಟ್ಟದ ದರ್ಜೆ) ಎಂದಿರುವ ಆಯಿಲ್ ಸಿಕ್ಕರೆ 25ರಿಂದ 30 ಎಂಎಲ್ ಸಾಕು ಎನ್ನುವವರಿದ್ದಾರೆ. ಆದರೆ ಅಳತೆ ಬದಲಿಸಿದರೆ ಎಲ್, ಎಚ್ ಮತ್ತೆ ನೋಡಲೇಬೇಕು. ಆಯಿಲ್ ಹೆಚ್ಚು ಹಾಕಿದರೆ ಮಿಶ್ರಣ ಗಟ್ಟಿಯಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಅದೇ ರಂಧ್ರದಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ. ಅನುಮಾನ ಇದ್ದರೆ 40ರಲ್ಲೇ ಇರಿ. ಬೈಕಿನ 4ಟಿ ಆಯಿಲ್ ಮಾತ್ರ ಯಾವ ಕಾರಣಕ್ಕೂ ಬೇಡ.

40 ಎಂಎಲ್ ಹಾಕುವವರು ಸೈಲೆನ್ಸರಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಹಂಗಾಮಿಗೊಮ್ಮೆ ತೆಗೆದು ತಂತಿ ಬ್ರಷ್‌ನಲ್ಲಿ ಉಜ್ಜಬೇಕು, ಮಸಿ ಅಲ್ಲಿ ಕಟ್ಟುತ್ತದೆ. ಪ್ಲಗ್ ಗ್ಯಾಪ್ 0.6ರಿಂದ 0.7 ಎಂಎಂ. ಪ್ಲಗ್ ತುದಿ ಕಾಫಿ ಪುಡಿ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪಗೆ ಒದ್ದೆ ಇದ್ದರೆ ಹೆಚ್ಚು.

ಇನ್ನು ಟ್ರ್ಯಾಕ್ಟರಿನ ಹಳೆಯ ಆಯಿಲ್. ದಯವಿಟ್ಟು ನಿಲ್ಲಿಸಿ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ಇಂಜಿನ್ ಸವೆದು ಬಂದ ಕಬ್ಬಿಣದ ನುಣುಪು ಪುಡಿ ನಿಲ್ಲುವುದಿಲ್ಲ. ಅದು ಪಂಪ್‌ನ ಹಲ್ಲನ್ನೂ ಬಾರ್ ಗೋಡೆಯನ್ನೂ ತೇಯುತ್ತದೆ. ಕೊಯ್ಯುವಾಗ ಆ ಆಯಿಲ್ ಸಣ್ಣ ಹನಿಯಾಗಿ ನಿಮ್ಮ ಕೈ, ಮುಖ, ಉಸಿರಿಗೆ ಬರುತ್ತದೆ. ಓಡಿದ ಇಂಜಿನ್ ಆಯಿಲ್ ಚರ್ಮಕ್ಕೆ ದಿನಾ ತಾಗಿದರೆ ಕ್ಯಾನ್ಸರಿಗೆ ದಾರಿ. ಬಾರ್ ಆಯಿಲ್‌ನ ವಿಶೇಷ ಅದರ ಅಂಟು. ಬಾರ್ ತುದಿಯಲ್ಲಿ ಚೈನ್ ರಪ್ಪೆಂದು ತಿರುಗುವಾಗ ಎಗರಿ ಹೋಗದೆ ಹಿಡಿದುಕೊಳ್ಳಬೇಕು. ಸಿಗದಿದ್ದರೆ ಹೊಸ, ಸಾದಾ 20ಡಬ್ಲ್ಯು-40 ಇಂಜಿನ್ ಆಯಿಲ್ ಹಾಕಿ. ನಮ್ಮ ಹವೆಗೆ ನಡೆಯುತ್ತದೆ, ಸ್ವಲ್ಪ ಹೆಚ್ಚು ಖರ್ಚಾಗುತ್ತದೆ ಅಷ್ಟೆ. ಹೊಂಗೆ ಎಣ್ಣೆ ಹಾಕುವವರು ಕೆಲಸ ಮುಗಿದ ದಿನವೇ ತೆಗೆದು ತೊಳೆಯಬೇಕು, ಬಿಟ್ಟರೆ ಗೋಂದಿನ ಹಾಗೆ ಕಟ್ಟುತ್ತದೆ.

ಹೊಗೆ ಬರುತ್ತಿದೆ ಎಂದರೆ ಆಯಿಲ್ ಬಾರ್‌ಗೆ ತಲುಪುತ್ತಲೇ ಇಲ್ಲದಿರಬಹುದು. ಬಾರ್ ಬಿಚ್ಚಿ, ಅದರ ಬುಡದಲ್ಲಿ ಸೀಳಿಗೆ ಸೇರುವ ಸಣ್ಣ ತೂತನ್ನು ತೆಳು ತಂತಿಯಲ್ಲಿ ಬಿಡಿಸಿ, ಸೀಳಿನ ಕೊಳೆಯನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಕೆರೆಯಿರಿ. ಬಾರ್ ಇಲ್ಲದೆ ಮಿಷನ್ ಓಡಿಸಬೇಡಿ. ಜೋಡಿಸಿದ ಮೇಲೆ ಬಾರ್ ತುದಿಯನ್ನು ಒಂದು ಬಿಳಿ ರಟ್ಟಿನಿಂದ ಗೇಣು ದೂರ ಹಿಡಿದು ಅರ್ಧ ರೇಸ್ ಕೊಡಿ, ಕೆಲವು ಸೆಕೆಂಡಿನಲ್ಲಿ ರಟ್ಟಿನ ಮೇಲೆ ಆಯಿಲ್ ಗೆರೆ ಮೂಡಬೇಕು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಾಗ ಆಯಿಲ್ ಟ್ಯಾಂಕೂ ಹೆಚ್ಚುಕಡಿಮೆ ಖಾಲಿಯಾಗಿರಬೇಕು. ಅರ್ಧ ಉಳಿದಿದ್ದರೆ ಎಲ್ಲೋ ಕಟ್ಟಿದೆ.

ಶರಾವತಿ_ತೋಟ

ಎಲ್ಲರಿಗೂ ನಮಸ್ಕಾರ. ನೋಡಿದ್ದು ಇಷ್ಟು:

ಬಾರ್ ತಲೆಕೆಳಗು ಮಾಡಿದರೂ ಬಲಕ್ಕೇ ಎಳೆಯುತ್ತದೆ. ಎಡಹಲ್ಲು 6.9ರಿಂದ 7.2 ಎಂಎಂ, ಬಲಹಲ್ಲು 8.3ರಿಂದ 8.5. ಎಡಹಲ್ಲು ಏಳರ ತುದಿ ನೀಲಿ. ಮೂರು ರಿವಿಟ್ 16.5, ಕೆಳಹಲ್ಲು 1.5 ಸರಿ ಇದೆ. ಅರ್ಧ ಚೋಕಿನಲ್ಲಿ ಇಂಜಿನ್ ಚೇತರಿಸಿಕೊಳ್ಳುತ್ತದೆ. ಮುಚ್ಚಳ ಸಡಿಲಿಸಿದರೆ ವ್ಯತ್ಯಾಸ ಇಲ್ಲ. ಫಿಲ್ಟರ್ ಮೇಲೆ ಕಂದು ಲೋಳೆ. ಪಿಸ್ಟನ್ ನುಣ್ಣಗಿದೆ. ಬಾರ್ ತೂತು ಪೂರ್ತಿ ಮುಚ್ಚಿತ್ತು.

ಎರಡು ಪ್ರಶ್ನೆ. ಬಲಹಲ್ಲು 8.4ರಿಂದ 7ಕ್ಕೆ ತರಲು ಅರದಲ್ಲೇ ಆಗುತ್ತದಾ? ಅಕೇಶಿಯಾ ದಿಮ್ಮಿ ಇನ್ನೂ ಎರಡು ಲೋಡ್ ಇದೆ, ಚೈನ್ ಮತ್ತೆ ಬೇಗ ಮೊಂಡಾಗದಿರಲು ಏನು ಮಾಡಬೇಕು?

ಅರ_ಹಿಡಿದವ

ಆಗುತ್ತದೆ, ಒಂದು ಹಲ್ಲಿಗೆ 20ರಿಂದ 25 ನೂಕು ಬೇಕಾದೀತು. ಹೊಸ ಅರವನ್ನೇ ತೆಗೆದುಕೊಳ್ಳಿ, ಸವೆದ ಅರದಲ್ಲಿ ಇಷ್ಟು ಮಾಡಲು ಹೋದರೆ ಕೋನ ತಪ್ಪುತ್ತದೆ. ಐದೈದು ನೂಕಿಗೊಮ್ಮೆ ವರ್ನಿಯರ್ ಹಿಡಿಯಿರಿ. ನೀಲಿಯಾದ ಏಳು ಹಲ್ಲನ್ನು ಮೊದಲು ಮಾಡಿ. ನೀಲಿ ಹೋಗುವಷ್ಟರಲ್ಲಿ ಅವು 6.5ಕ್ಕೆ ಇಳಿದರೆ ಆಗ ಉಳಿದ 31ನ್ನೂ 6.5ಕ್ಕೇ ತರಬೇಕು. ಹಲ್ಲಿನ ಓರೆ ಗುರುತು ಹತ್ತಿರ 4 ಎಂಎಂ ಉಳಿಯುವವರೆಗೆ ಚೈನ್ ಬಳಸಬಹುದು, ಹಾಗಾಗಿ ಎಸೆಯುವ ಮಾತಿಲ್ಲ. ಇಷ್ಟು ಹಿಂದಕ್ಕೆ ಹೋದ ಮೇಲೆ 38 ರೇಕರನ್ನೂ ಗೇಜ್ ಹಾಕಿ ಇಳಿಸುವುದು ಕಡ್ಡಾಯ. ಅದನ್ನು ಬಿಟ್ಟರೆ ಮತ್ತೆ ಗೋಧಿ ಹಿಟ್ಟೇ. ಒಣ ಅಕೇಶಿಯಾವೇ ಹೆಚ್ಚು ಎಂದಾದರೆ ಕೋನ 30ರ ಬದಲು 25 ಇಡಿ, ತುದಿ ಸ್ವಲ್ಪ ದಪ್ಪ ಉಳಿದು ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡೂ ಬದಿ ಒಂದೇ ಕೋನ ಇರಬೇಕು ಎನ್ನುವುದು ಮುಖ್ಯ.

ಸ್ಪ್ರಾಕೆಟ್ ಕೂಡ ನೋಡಿ. ಕ್ಲಚ್ ಹಿಂದಿನ ಹಲ್ಲುಚಕ್ರದಲ್ಲಿ ಚೈನ್ ಕೂರುವ ಜಾಗ ಅರ್ಧ ಎಂಎಂ ತಗ್ಗು ಬಿದ್ದಿದ್ದರೆ ಬದಲಿಸಿ. ಹಳೆಯ ಚಕ್ರ ಹೊಸ ಚೈನನ್ನೂ ಎಳೆದು ಉದ್ದ ಮಾಡುತ್ತದೆ. ಚೈನ್ ಬಿಗಿತ: ಬಾರ್ ತುದಿ ಮೇಲಕ್ಕೆ ಎತ್ತಿ ಹಿಡಿದು ಬಿಗಿಯಿರಿ, ಹೊಟ್ಟೆ ಕಡೆ ಜೋತು ಬೀಳಬಾರದು, ಕೈಗವಸಿನಲ್ಲಿ ಎಳೆದರೆ ಸಲೀಸು ತಿರುಗಬೇಕು. ಬಿಸಿಯಲ್ಲಿ ಬಿಗಿದದ್ದನ್ನು ಕೆಲಸ ಮುಗಿದ ಮೇಲೆ ಸಡಿಲಿಸಿ. ತಣ್ಣಗಾದಾಗ ಚೈನ್ ಕುಗ್ಗಿ ಬಾರನ್ನೂ ಕ್ರ್ಯಾಂಕ್ ಬೇರಿಂಗನ್ನೂ ಹಿಂಡುತ್ತದೆ.

ಸೌದೆ_ಕೊಟ್ಟಿಗೆ

ಎರಡನೇ ಪ್ರಶ್ನೆಗೆ: ಅಕೇಶಿಯಾ ಚೈನ್ ಕೊಲ್ಲುವುದಕ್ಕಿಂತ ಅದರ ತೊಗಟೆಗೆ ಮೆತ್ತಿದ ಮಣ್ಣು ಕೊಲ್ಲುವುದು ಹೆಚ್ಚು. ನಮ್ಮ ಕೆಂಪು ಮಣ್ಣಿನಲ್ಲಿ, ಜಂಬಿಟ್ಟಿಗೆಯ ನೆಲದಲ್ಲಿ ಎಳೆದು ತಂದ ದಿಮ್ಮಿಯ ತೊಗಟೆಯ ಬಿರುಕಿನಲ್ಲಿ ಸಣ್ಣ ಕಲ್ಲಿನ ಹರಳು ಕೂತಿರುತ್ತದೆ. ಬಾರ್ ಒಮ್ಮೆ ನೆಲ ಮುಟ್ಟಿದರೂ ಅಷ್ಟೇ, ಅರ್ಧ ಗಂಟೆ ಅರ ಹಾಕಿದ್ದು ಅರೆ ಸೆಕೆಂಡಿನಲ್ಲಿ ಹೋಯಿತು. ಕೊಯ್ಯುವ ಗೆರೆಯಲ್ಲಿ ನಾಲ್ಕು ಬೆರಳು ಅಗಲ ತೊಗಟೆಯನ್ನು ಕತ್ತಿಯಿಂದ ಕೆತ್ತಿ, ತಂತಿ ಬ್ರಷ್ ಆಡಿಸಿ. ದಿಮ್ಮಿಯನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಎತ್ತಿ ಕೊಯ್ಯಿರಿ. ಎರಡೆರಡು ಗಳವನ್ನು ಗುಣಾಕಾರದ ಚಿಹ್ನೆಯ ಹಾಗೆ ಕೂಡಿಸಿ ಬೋಲ್ಟ್ ಹಾಕಿದ ಜೋಡಿ ಕಾಲು ಸಾಕು. ಎತ್ತಲಾಗದ ದಪ್ಪ ದಿಮ್ಮಿಯನ್ನು ಮೇಲಿನಿಂದ ಮುಕ್ಕಾಲು ಕೊಯ್ದು, ಸಾಲಾಗಿ ಎಲ್ಲ ಗೆರೆ ಮುಗಿಸಿ, ಆಮೇಲೆ ಹಾರೆ ಹಾಕಿ ಹೊರಳಿಸಿ ಉಳಿದ ಕಾಲು ಭಾಗ ಕೊಯ್ಯಿರಿ.

ಬಾರ್ ಸಿಕ್ಕಿಬೀಳುವುದಕ್ಕೆ ವಾಲುವುದೊಂದೇ ಕಾರಣ ಅಲ್ಲ. ಎರಡೂ ತುದಿ ಆಧಾರದ ಮೇಲಿದ್ದು ನಡುವೆ ಕೊಯ್ದರೆ ಮೇಲ್ಭಾಗ ಹಿಂಡುತ್ತದೆ: ಮೇಲಿನಿಂದ ಮೂರರಲ್ಲಿ ಒಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ. ತುದಿ ಆಚೆ ಚಾಚಿಕೊಂಡಿದ್ದರೆ ಇದರ ತಿರುವು: ಕೆಳಗಿನಿಂದ ಮೂರರಲ್ಲಿ ಒಂದು, ಆಮೇಲೆ ಮೇಲಿನಿಂದ. ಕೆಳಗಿನಿಂದ ಕೊಯ್ಯುವಾಗ ಮಿಷನ್ ನಿಮ್ಮ ಕಡೆಗೆ ನೂಕುತ್ತದೆ, ಗಟ್ಟಿ ನಿಲ್ಲಿ. ಬಾರ್ ತುದಿಯ ಮೇಲಿನ ಕಾಲು ಭಾಗ ಯಾವುದಕ್ಕೂ ತಾಗಬಾರದು. ರಾಶಿ ಹಾಕಿದ ಕುಂಟೆಗಳ ನಡುವೆ ಕೊಯ್ಯುವಾಗ ಹಿಂದಿರುವ ಕುಂಟೆಗೆ ತುದಿ ತಾಗಿಯೇ ಮಿಷನ್ ಮುಖಕ್ಕೆ ಎಗರುವುದು. ಮುಂದಿನ ಬ್ರೇಕ್ ಹಿಡಿ ಕೆಲಸ ಮಾಡುತ್ತದೆಯೇ ಎಂದು ಪ್ರತಿದಿನ ಶುರುವಿನಲ್ಲಿ ನೋಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಕಾಲಿಗೆ ಬೂಟು. ಲುಂಗಿ ಉಟ್ಟು ಮಿಷನ್ ಹಿಡಿಯಲೇಬೇಡಿ.

ಇನ್ನೊಂದು. ಅಕೇಶಿಯಾವನ್ನು ದಿಮ್ಮಿಯಾಗಿ ಒಂದು ವರ್ಷ ಬಿಟ್ಟು ಕೊಯ್ಯುವುದು ಮಿಷನ್ನಿಗೂ ನಿಮಗೂ ಶಿಕ್ಷೆ. ಹಸಿಯಲ್ಲಿ ಕೊಯ್ಯುವುದು ಬಹಳ ಸಲೀಸು, ಸೀಳುವುದು ಇನ್ನೂ ಸಲೀಸು. ತೊಗಟೆ ಸುತ್ತಲೂ ಇರುವ ದಿಮ್ಮಿ ಒಳಗೆ ಬಹಳ ನಿಧಾನವಾಗಿ ಒಣಗುತ್ತದೆ, ನೀರು ಹೋಗುವುದು ಮುಖ್ಯವಾಗಿ ಕೊಯ್ದ ತುದಿಯಿಂದ ಮತ್ತು ಸೀಳಿದ ಮೈಯಿಂದ. ಡಿಸೆಂಬರ್, ಜನವರಿಯಲ್ಲಿ ಕಡಿದು, ಅಡಿಕೆ ಒಲೆಗೆ ಎರಡೂವರೆ ಅಡಿ, ಹಂಡೆ ಒಲೆಗೆ ಒಂದೂವರೆ ಅಡಿಗೆ ಆಗಲೇ ಕೊಯ್ದು, ಕೈಮುಷ್ಟಿಗಿಂತ ದಪ್ಪ ಇರುವುದನ್ನೆಲ್ಲ ಬೆಣೆ ಹಾಕಿ ಸೀಳಿ. ನೆಲದಿಂದ ಗೇಣೆತ್ತರಕ್ಕೆ ಎರಡು ಹಳೆ ಅಡಿಕೆ ಮರ ಅಡ್ಡ ಹಾಕಿ ಅದರ ಮೇಲೆ ಪೇರಿಸಿ, ಮೇಲೆ ಮಾತ್ರ ತಗಡು, ಬದಿಗಳು ಗಾಳಿಗೆ ತೆರೆದಿರಲಿ. ಪ್ಲಾಸ್ಟಿಕ್ ಸುತ್ತಿ ಮುಚ್ಚಿದರೆ ಒಳಗೆ ಬೆವರಿ ಅಣಬೆ ಬರುತ್ತದೆ. ಮೇ ಕೊನೆಗೆ, ಮುಂಗಾರಿಗೆ ಮೊದಲು, ಕೊಟ್ಟಿಗೆಗೆ ಸೇರಿಸಿದರೆ ಆ ವರ್ಷದ ಅಡಿಕೆ ಸುಗ್ಗಿಗೆ ಸಿದ್ಧ.

ಒಣಗಿದೆಯೇ ಎಂದು ತಿಳಿಯಲು ರಾಶಿಯ ನಾಲ್ಕೈದು ಸೀಳಿಗೆ ಬಣ್ಣದ ಗುರುತು ಹಾಕಿ, ಪೇರಿಸುವಾಗ ತೂಗಿ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ತೂಗಿ, ಎರಡು ಸಲ ಒಂದೇ ತೂಕ ಬಂದರೆ ಆ ಹವೆಗೆ ಒಣಗುವಷ್ಟು ಒಣಗಿತು. ಎರಡು ತುಂಡು ಒಂದಕ್ಕೊಂದು ಬಡಿದಾಗ ಟಣ್ ಎಂದರೆ ಸರಿ, ದಬ್ ಎಂದರೆ ಇನ್ನೂ ನೀರಿದೆ. ಹಸಿ ಸೌದೆಯಲ್ಲಿ ಅಡಿಕೆ ಬೇಯಿಸಿದರೆ ಬೆಂಕಿಯ ಒಂದಷ್ಟು ಪಾಲು ಸೌದೆಯ ನೀರು ಆರಿಸಲಿಕ್ಕೇ ಹೋಗುತ್ತದೆ.

ಈಗಿರುವ ಎರಡು ಲೋಡ್ ಒಣಗಿಯೇ ಹೋಗಿದೆ, ಅದನ್ನು ಕೋನ 25 ಇಟ್ಟೇ ಕೊಯ್ಯಿರಿ. ಪ್ರತಿ ಪೆಟ್ರೋಲ್ ಟ್ಯಾಂಕಿಗೊಮ್ಮೆ ಹಲ್ಲಿಗೆ ಎರಡು ನೂಕು ಹಾಕುವ ಅಭ್ಯಾಸ ಇಟ್ಟುಕೊಂಡರೆ 38 ಹಲ್ಲಿಗೆ ಹತ್ತು ನಿಮಿಷ ಸಾಕು.

ಕಾರ್ಬ್_ಬಿಚ್ಚುವವ

ಅರ್ಧ ಚೋಕಿನಲ್ಲಿ ಚೇತರಿಕೆ, ಫಿಲ್ಟರಿನಲ್ಲಿ ಲೋಳೆ, ಪಿಸ್ಟನ್ ಸರಿ. ಹಾಗಾದರೆ ಫಿಲ್ಟರ್, ಪೈಪ್, ಡಯಾಫ್ರಾಮ್ ಕಿಟ್ ಮೂರನ್ನೇ ತನ್ನಿ, ಕಾರ್ಬ್ ಬೇಡ. ಕಿಟ್ ತರುವಾಗ ಹಳೆಯ ಡಯಾಫ್ರಾಮ್ ಜೊತೆಗೆ ಒಯ್ದು ತೂತುಗಳು ಹೊಂದುತ್ತವೆಯೇ ನೋಡಿಕೊಳ್ಳಿ, ನೋಡಲು ಒಂದೇ ಥರ ಇರುವ ಎರಡು ಮೂರು ಮಾದರಿ ಇವೆ. ಲೋಳೆ ಫಿಲ್ಟರ್ ದಾಟಿ ಹೋಗಿದ್ದರೆ ನಾನು ಹೇಳಿದ ಆ ದುಂಡು ಜಾಲರಿಯಲ್ಲಿ ಸಿಗುತ್ತದೆ.

ಮುಂದಿನ ಏಪ್ರಿಲ್‌ನಲ್ಲಿ ಮಿಷನ್ ಇಡುವಾಗ ಟ್ಯಾಂಕ್ ಖಾಲಿ ಮಾಡಿ, ಸ್ಲೋದಲ್ಲಿ ಓಡಿಸಿ ತಾನಾಗಿ ಬಂದ್ ಆಗಲು ಬಿಡಿ. ಆಮೇಲೆ ಚೋಕ್ ಎಳೆದು ಇನ್ನೂ ಎರಡು ಸಲ ಹಗ್ಗ ಎಳೆಯಿರಿ. ಪ್ಲಗ್ ತೆಗೆದು ಒಂದು ಟೀ ಚಮಚ 2ಟಿ ಆಯಿಲ್ ಒಳಕ್ಕೆ ಬಿಟ್ಟು, ನಿಧಾನಕ್ಕೆ ಮೂರು ಸಲ ಹಗ್ಗ ಎಳೆದು ಪ್ಲಗ್ ಹಾಕಿ. ಮಿಶ್ರಣವನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ, ವಾರಕ್ಕೆ ಬೇಕಾದಷ್ಟೇ ಬೆರೆಸಿ. ಹುಲ್ಲು ಹೊಡೆಯುವ ಮಿಷನ್ ಇದ್ದರೆ ಅದಕ್ಕೂ ಇದೇ ಕ್ರಮ, ಅದರ ಕಾರ್ಬ್ ಒಳಗಿರುವುದೂ ಇದೇ ಡಯಾಫ್ರಾಮ್.